ಸದ್ದಿಲ್ಲದ ಗಾಡಿ

ಹೊರಮಾವು

ಪಿಳ್ಳಪ್ಪಣ್ಣನವರಿಗೆ ಯಾಸಿರ್ ಮಾಡುವ ನಮಸ್ಕಾರ.

ನೀವು ನನಗೆ ಓಡಿಸಲು ಕೊಟ್ಟ ಡೀಸೆಲ್ ಪಿಕಪ್‌ನ ಹಾರ್ನ್ ಕೆಟ್ಟು ಬಹಳ ಕಾಲವಾಯಿತು. ನಿಮಗೆ ಹೇಳಿರಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಇಂಜಿನ್ ಸದ್ದು ಕೇಳಿದರೆ ಸಾಕು, ರಸೆಲ್ ಮಾರುಕಟ್ಟೆಯ ಹೂವಿನವರು ತಿರುಗಿಯೂ ನೋಡದೆ ಬುಟ್ಟಿ ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ.

ಅದನ್ನು ಶೋರೂಮಿಗೆ ಕೊಟ್ಟು, ಹೊಸದಾಗಿ ಬಂದಿರುವ ಎಲೆಕ್ಟ್ರಿಕ್ ಪಿಕಪ್ ತಗೋ ಎಂದಿರಿ. ನಿನ್ನೆ ಶೋರೂಮಿನವರು ಒಂದು ಟ್ರಿಪ್ ಓಡಿಸಲು ಕೊಟ್ಟರು. ಅಭ್ಯಾಸಬಲದಿಂದ ನಾನು ಹಾರ್ನ್ ಒತ್ತಲೇ ಇಲ್ಲ. ಶಮೀಮ್ ಚಾಚಿಯ ಮಲ್ಲಿಗೆ ಬುಟ್ಟಿ ಚಕ್ರದ ಕೆಳಗೆ ಹೋಯಿತು. "ಬೆಕ್ಕಿನ ತರ ಬರ್ತೀಯಲ್ಲೋ, ಕೆಮ್ಮಾದ್ರೂ ಕೆಮ್ಮಬಾರ್ದಾ?" ಅಂದರು.

ಹಾರ್ನ್ ಒತ್ತುವುದನ್ನು ಕಲಿಯಬಹುದು. ನನ್ನ ಗೊಂದಲ ಬೇರೆ. ಡೀಸೆಲ್ ಇಂಜಿನ್ ಸದ್ದಿಗೇ ನಿಮ್ಮ ಕಿವಿ ಹೋಯಿತೆಂದು ಡಾಕ್ಟರ್ ಹೇಳಿದರಂತೆ. ಹೊಸದು ಕೊಂಡರೆ ನನ್ನ ಕಿವಿ ಉಳಿಯುತ್ತದೆ. ಆದರೆ ನಿಮಗೆ ಈಗ ಕೇಳಿಸುವುದು ಈ ಹಳೆಯ ಗಾಡಿಯ ಸದ್ದೊಂದೇ ಎಂದು ನಿಮ್ಮ ಮಗಳು ರಮ್ಯಕ್ಕ ಹೇಳಿದರು. ಅದು ಮಾಲೂರಿನ ನಿಮ್ಮ ಬೀದಿಗೆ ತಿರುಗಿದರೆ ನೀವು ಎದ್ದು ಬಾಗಿಲಿಗೆ ಬರುತ್ತೀರಂತೆ. ಇದು ಗೊತ್ತಿದ್ದೂ ಕೊಟ್ಟುಬಿಡು ಅಂದಿರಾ? ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ.

ಫೋನಿನಲ್ಲಿ ನಿಮಗೆ ಕೇಳಿಸದು, ಅದಕ್ಕೇ ನಿಮ್ಮೂರಿನ ಮುರಳಿಯ ಕೈಯಲ್ಲಿ ಈ ಪತ್ರ ಕಳಿಸಿದ್ದೇನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದದ್ದು ಇದೇ ಮೊದಲು. ಗಾಡಿಯ ಆರ್‌ಸಿ ಹುಡುಕಿ ಇಡಿ. ಕೊಡುವುದೋ ಬೇಡವೋ, ಎದುರಿಗೇ ಹೇಳಿ.

ನಾಳೆ ಹಳೆಯ ಗಾಡಿಯಲ್ಲೇ ಮಾಲೂರಿಗೆ ಹೊರಡುತ್ತೇನೆ.

ಯಾಸಿರ್