ಪಂಕಜಾಕ್ಷಿಯ ಕಾಡು

ಪುತ್ತೂರು,
೧೯೮೮ರ ಮಾರ್ಚ್, ಆದಿತ್ಯವಾರ ಮಧ್ಯಾಹ್ನ

ಸುಳ್ಯದಲ್ಲಿರುವ ಪಂಕಜಾಕ್ಷಿಗೆ ವಸುಮತಿ ಬರೆಯುವುದು,

ನಿನ್ನೆ ಸೀತುವಿನ ಕಾರ್ಡು ಬಂತು. ಎಲ್ಲರೂ ಸೌಖ್ಯ, ಚೆನ್ನುವಿನ ಮುಂದಿನ ಹಲ್ಲು ಬಿದ್ದಿದೆ, ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ ಎಂದೆಲ್ಲ ಬರೆದು, ಕೊನೆಗೆ ಜಾಗ ಸಾಲದೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಮಾತು ತುರುಕಿದ್ದಾಳೆ: ‘ಪಂಕಜಾಕ್ಷಿಯ ಕಾಡು ಇನ್ನೂ ಮುಗಿಯಲಿಲ್ಲ, ಈಗ ಚೆನ್ನುವೂ ಆಟಕ್ಕೆ ಕೂರುತ್ತಾಳೆ.’ ಉಳಿದ ಸುದ್ದಿಯೆಲ್ಲ ಓದಿ ಸಂತೋಷವಾಯಿತು. ಈ ಮಾತು ಮಾತ್ರ ನಿನ್ನೆಯಿಂದ ಒಳಗೆ ಸುಡುತ್ತಾ ಕೂತಿದೆ. ಹೊಟ್ಟೆಕಿಚ್ಚು ಎಂದು ಹಿರಿಯರು ಸುಮ್ಮನೆ ಹೆಸರಿಟ್ಟದ್ದಲ್ಲ.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಎಂಬುದು ನಿನಗೆ ಹೊಸ ವಿಷಯವೇನಲ್ಲ. ಬಾಯಿ ಮುಚ್ಚಿಕೊಂಡು ಇರುವ ಸ್ವಭಾವವೂ ನನ್ನದಲ್ಲ. ಆದರೆ ಆಟದಲ್ಲಿ ನೀನು ನನ್ನನ್ನು ಮೀರಿಸಿದ್ದಕ್ಕೆ ಎಂದು ನೀನು ತಿಳಿದುಕೊಂಡಿದ್ದರೆ, ಅದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಎದುರೆದುರು ಹೇಳುವುದಕ್ಕೆ ನನ್ನಿಂದ ಆಗಲಿಲ್ಲ. ಅದಕ್ಕಾಗಿ ಈ ಕಾಗದ.

ಸೀತುವೂ ನಾನೂ ಬಾಡಿಗೆಗಿದ್ದ ಐಸಮ್ಮನವರ ಮಹಡಿಯ ಮೇಲೆ ಆ ಆಟ ಶುರುವಾದದ್ದು ನೀನು ಬರುವ ಹಿಂದಿನ ವರ್ಷ. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ಕೃಷ್ಣಮೋಹನ ಯಾವುದೋ ಬಂದರಿನಲ್ಲಿ ಕೊಂಡ ಒಂದು ಪೆಟ್ಟಿಗೆಯನ್ನು ಬೆಳ್ಳಾರೆಯ ನಮ್ಮ ಮನೆಗೆ ತಂದಿದ್ದ. ಒಳಗೆ ಎರಡು ಇಂಗ್ಲಿಷ್ ಪುಸ್ತಕ, ಬಣ್ಣಬಣ್ಣದ ದಾಳಗಳು. ಒಂದಕ್ಕೆ ನಾಲ್ಕೇ ಮುಖ, ಇನ್ನೊಂದಕ್ಕೆ ಇಪ್ಪತ್ತು. ಜೂಜಿನ ಸಾಮಾನು ಎಂದು ಅಮ್ಮ ಅಟ್ಟಕ್ಕೆ ಹಾಕಹೊರಟಾಗ ನಾನು ಪುತ್ತೂರಿಗೆ ತಂದುಕೊಂಡೆ. ಹಾಸಿನ ಮೇಲೆ ಕಾಯಿ ನಡೆಸುವ ಆಟ ಅದಲ್ಲ. ಒಬ್ಬಳು ಕಥೆ ನಡೆಸಬೇಕು, ಎಲ್ಲಿದ್ದೀರಿ, ಎದುರಿಗೆ ಏನಿದೆ ಎಂದು ಹೇಳಬೇಕು. ಉಳಿದವರು ವೀರರೋ ಮಂತ್ರವಾದಿಗಳೋ ಆಗಿ ತಾವು ಏನು ಮಾಡುತ್ತೇವೆ ಎಂದು ಹೇಳಬೇಕು. ಏಟು ತಾಗಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಿನಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಆದರೂ ಮೊದಲು ನಡೆಸಿದವಳು ನಾನು ಎಂದು ಎಲ್ಲಿಯಾದರೂ ಒಂದು ಕಡೆ ಬರೆದಿಡಬೇಕೆನಿಸಿತು.

ಬ್ಯಾಂಕು ಮುಗಿಸಿ ಬಂದು ನಿಘಂಟು ಎದುರಿಗಿಟ್ಟುಕೊಂಡು ಆ ಪುಸ್ತಕಗಳನ್ನು ಓದಿದೆ. ಆದಿತ್ಯವಾರ ಊಟವಾದ ಮೇಲೆ ಕೆಳಗಿನಿಂದ ಐಸಮ್ಮ ಎಲೆ ಅಡಿಕೆಯ ತಟ್ಟೆ ಹಿಡಿದು ಹತ್ತಿ ಬರುತ್ತಿದ್ದರು. ಮಂತ್ರ ಗಿಂತ್ರ ತನಗೆ ಬೇಡ, ಒಂದು ಕತ್ತಿ ಕೊಟ್ಟರೆ ಸಾಕು ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಸೀತು ದಾದಿಯಲ್ಲವೇ, ಗಾಯ ವಾಸಿ ಮಾಡುವ ಸನ್ಯಾಸಿನಿಯಾಗು ಎಂದರೆ ಕೇಳಲಿಲ್ಲ. “ಅದನ್ನು ದಿನಾ ಆಸ್ಪತ್ರೆಯಲ್ಲಿ ಮಾಡ್ತೇನಲ್ಲ ವಸು, ಇಲ್ಲಿಯಾದ್ರೂ ಬಿಲ್ಲು ಹಿಡೀತೇನೆ” ಎಂದಳು. ನಾನು ಅವರನ್ನು ಗುಹೆಯಿಂದ ಗುಹೆಗೆ ನಡೆಸಿದೆ. ಕೋಣೆ ಎಷ್ಟು ಉದ್ದ, ಬಾಗಿಲು ಯಾವ ದಿಕ್ಕಿಗೆ, ರಾಕ್ಷಸರು ಎಷ್ಟು ಮಂದಿ, ಎಲ್ಲ ಲೆಕ್ಕ ಪ್ರಕಾರ. ಐಸಮ್ಮ ರಾಕ್ಷಸರನ್ನು ಬಾಳೆಗಿಡ ಕಡಿದಂತೆ ಕಡಿದು, ಇನ್ನು ಚಾ ಮಾಡುವ ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ನನಗೆ ಅದು ಬೇಕಾದಷ್ಟಾಗಿತ್ತು.

ಸೀತು ಮತ್ತು ನಾನು ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದವರು. ಆಲಂಕಾರಿನವಳು, ಕೆದಂಬಾಡಿಗೆ ಮದುವೆಯಾಗಿ ಹೋಗಿ, ಗಂಡ ವೆಂಕಪ್ಪನೊಡನೆ ಬಾಳುವುದಾಗದೆ ಹೊರಟು ಬಂದವಳು ಎಂಬುದು ನನಗೆ ಗೊತ್ತಿತ್ತು. ಒಮ್ಮೆ ಯಾವುದೋ ಮಾತಿನ ನಡುವೆ “ಮಗು ಅವರಲ್ಲೇ ಉಂಟು” ಎಂದಿದ್ದಳು. ನಾನು ಮುಂದೆ ಕೇಳಲಿಲ್ಲ. ಕೇಳದಿರುವುದು ಮರ್ಯಾದೆ ಎಂದುಕೊಂಡಿದ್ದೆ. ಈಗಲೂ ಅದು ಮರ್ಯಾದೆಯೇ ಎಂದು ವಾದಿಸುತ್ತೇನೆ, ನೀನು ಒಪ್ಪಲಿಕ್ಕಿಲ್ಲ.

ಎಂಬತ್ತೈದರ ಮಳೆಗಾಲಕ್ಕೆ ನೀನು ಬಂದೆ. ಟೆಲಿಫೋನ್ ಎಕ್ಸ್‌ಚೇಂಜಿನ ಹೊಸ ಆಪರೇಟರ್, ಸುಳ್ಯದ ಕಡೆಯವಳು ಎಂದು ಐಸಮ್ಮ ಪರಿಚಯಿಸಿದರು. ಟ್ರಂಕ್ ಕಾಲಿಗೆ ಕಾದು ಕೂತ ನಮ್ಮ ಮ್ಯಾನೇಜರರು ಫೋನಿನಲ್ಲಿ ನಿನ್ನ ಸ್ವರ ಕೇಳಿದರೆ ಸಿಟ್ಟು ಇಳಿಸಿ ಮಾತಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ನನ್ನ ಗುಹೆಗಳಲ್ಲಿ ನೀನು ಒಂದೆರಡು ತಿಂಗಳು ಸುಮ್ಮನೆ ಹಿಂದೆ ಹಿಂದೆ ನಡೆದೆ. ಸೀತುವಿನ ಜೊತೆ ತುಳುವಿನಲ್ಲಿ ಪಿಸುಗುಟ್ಟುತ್ತಿದ್ದೆ. ನನಗೆ ತುಳು ಬರುವುದಿಲ್ಲವೆಂದಲ್ಲ. ಆದರೆ ನಮ್ಮ ಮನೆಮಾತು ಕನ್ನಡ, ನನ್ನೊಡನೆ ಸೀತು ಕನ್ನಡವೇ ಆಡುತ್ತಿದ್ದಳು. ನಿನ್ನೊಡನೆ ತುಳುವಿನಲ್ಲಿ ಅವಳು ನಗುತ್ತಿದ್ದ ನಗೆ ಬೇರೆಯೇ ಇತ್ತು. ಆಮೇಲೆ ಒಂದು ದಿನ ನೀನೇ ಕೇಳಿದೆ: “ವಸುಮತಿ ಅಕ್ಕ, ಒಂದು ಆದಿತ್ಯವಾರ ಕಥೆ ನಾನು ನಡೆಸ್ಲಾ?”

ನಾನು ದೊಡ್ಡ ಮನಸ್ಸು ಮಾಡಿ ಆಗಲಿ ಎಂದೆ. ಸೋತು ಬರುತ್ತೀ ಎಂಬ ನಂಬಿಕೆಯಿಂದಲೇ ಎಂದೆ.

ನೀನು ಪುಸ್ತಕವನ್ನು ಮುಚ್ಚಿ ಬದಿಗಿಟ್ಟೆ. ಕಿಟಕಿ ತೆರೆದೇ ಇತ್ತು, ಹೊರಗೆ ಮಳೆ ಬಿಟ್ಟು ಕಣ್ಣು ಕುಕ್ಕುವ ಬಿಸಿಲು, ದರ್ಬೆಯ ರಸ್ತೆಯಲ್ಲಿ ಬಸ್ಸುಗಳ ಹಾರ್ನು. ನಾವು ಮೂವರು ಒಂದು ಕಾಡಿನೊಳಗೆ ಹೊಕ್ಕಿದ್ದೇವೆ ಎಂದೆ ನೀನು. ಹಕ್ಕಿಗಳ ಸ್ವರ ಉಂಟು ಎಂದೆ. ಐಸಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಕತ್ತಿ ಹಿಡಿದು ಮುಂದೆ ನಡೆದರು. ನೀನು ಹಕ್ಕಿಗಳಿಗೆ ಕಿವಿಗೊಟ್ಟಂತೆ ತಲೆ ವಾಲಿಸಿ, ಮೆಲ್ಲಗೆ, “ಈಗ ಇಲ್ಲ” ಎಂದೆ. ಅಷ್ಟೇ. ನನಗೆ ನಮ್ಮ ಬೀದಿಯ ಕಾಗೆ ಕೂಡ ಸುಮ್ಮನಾದಂತೆ ಅನಿಸಿತು.

ಹಿಂದೆ ಒಣಗಿದ ಎಲೆಯ ಸದ್ದು ಬರುತ್ತಿದೆ ಎಂದೆ ನೀನು. ನಾವು ನಿಂತರೆ ಅದೂ ನಿಲ್ಲುತ್ತದೆ, ಆದರೆ ಸ್ವಲ್ಪ ತಡವಾಗಿ. ಮುಂದೆ ದಾರಿ ಬದಿಯ ಪೊದೆಯ ಮೇಲೆ ಯಾರೋ ಬಟ್ಟೆ ಒಣಗಲು ಹಾಕಿದ್ದಾರೆ. ಹತ್ತಿರ ಹೋಗಿ ನೋಡಿದರೆ ನಾವು ಉಟ್ಟ ಬಟ್ಟೆಗಳೇ, ಅದೇ ಬಣ್ಣ, ನಮ್ಮದೇ ಅಳತೆ, ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಅಷ್ಟು ರಾಕ್ಷಸರನ್ನು ಕಡಿದು ಹಾಕಿದ ಐಸಮ್ಮ ತಲೆಯ ಬಟ್ಟೆಯನ್ನು ಬಿಗಿ ಮಾಡಿಕೊಂಡು, ಇದು ಬೇಡ ಮಾರಾಯ್ತಿ, ಹಿಂದೆ ಹೋಗುವ ಎಂದರು. ಹಿಂದೆ ದಾರಿ ಉಂಟೋ ಎಂದು ತಿರುಗಿ ನೋಡುತ್ತೀರಾ ಎಂದು ನೀನು ಕೇಳಿದೆ. ಅವರು ತಿರುಗಲಿಲ್ಲ. ಆಟದಲ್ಲೂ ತಿರುಗಲಿಲ್ಲ, ಮಹಡಿಯಲ್ಲೂ ತಿರುಗಲಿಲ್ಲ.

ನಾನು ತಡೆಯಲಾರದೆ, ದಾಳ ಹಾಕುವುದು ಯಾವಾಗ ಎಂದು ಕೇಳಿಯೇಬಿಟ್ಟೆ. ನೀನು ನನ್ನ ಕಡೆ ನೋಡದೆ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: “ಹೆದರಿಕೆಗೆ ದಾಳ ಎಂತಕ್ಕೆ ಅಕ್ಕ?”

ಆಮೇಲೆ ನೀನು ಸೀತುವಿನ ಕಡೆ ತಿರುಗಿದೆ. ಕಾಡಿನೊಳಗಿಂದ ಯಾರೋ ಅವಳನ್ನೇ ಕರೆಯುತ್ತಿದ್ದಾರೆ ಎಂದೆ. ಕಾಡಿನಲ್ಲಿ ಮೊದಲ ಕರೆಗೆ ಓಗೊಡಬಾರದು, ಮೂರು ಸಲ ಕರೆದರೆ ಮಾತ್ರ ಮನುಷ್ಯರು ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನಾಗಿದ್ದರೆ ಕರೆದದ್ದು ಯಾರು ಎಂದು ಮೊದಲೇ ತೀರ್ಮಾನಿಸಿ, ಅದಕ್ಕೆ ಎಷ್ಟು ಕೈ, ಎಷ್ಟು ಹಲ್ಲು ಎಂದು ಹೇಳುತ್ತಿದ್ದೆ. ನೀನು ಕೇಳಿದೆ: “ಯಾರ ಸ್ವರ ಅದು? ನೀನೇ ಹೇಳು.”

ಕೆಳಗೆ ಬಸ್ಸೊಂದು ಬಂದು ನಿಂತು ಹೋಯಿತು. “ಚೆನ್ನುವಿದ್ದು” ಎಂದಳು ಸೀತು. ಚೆನ್ನು ಯಾರು ಎಂದು ಐಸಮ್ಮ ನನ್ನ ಮುಖ ನೋಡಿದರು. ನನಗೆ ಗೊತ್ತಿರಲಿಲ್ಲ, ಪಂಕಜಾಕ್ಷಿ. ಅಷ್ಟು ಸಮಯ ಒಂದೇ ಕೋಣೆಯಲ್ಲಿದ್ದು ಅವಳ ಮಗಳ ಹೆಸರು ನನಗೆ ಗೊತ್ತಿರಲಿಲ್ಲ. “ಅಮ್ಮ ಅಂತ ಕರೀತಾ ಇಲ್ಲ” ಎಂದಳು ಸೀತು. “ಸೀತು ಅಂತ ಕರೀತಾ ಉಂಟು. ಅಜ್ಜಿ ಬೈಯುವಾಗ ಆ ಹೆಸರು ಮಾತ್ರ ಕೇಳಿದ್ದಲ್ವಾ ಅದು.”

ಓಗೊಡುತ್ತೀಯಾ ಎಂದು ನೀನು ಕೇಳುವ ಮೊದಲೇ ಅವಳು “ಓ” ಎಂದಳು. ಮೊದಲ ಕರೆಗೇ. ನೀನು ಇವತ್ತಿಗೆ ಸಾಕು ಎಂದು ಎದ್ದು ಅವಳ ಹತ್ತಿರ ಹೋಗಿ ಕೂತೆ. ಮೊದಲ ಕರೆಗೆ ಓಗೊಟ್ಟವಳಿಗೆ ಕಾಡಿನಲ್ಲಿ ಏನಾಗುತ್ತದೆ ಎಂದು ಹೇಳಿ ನಿಲ್ಲಿಸಬೇಕು, ನಿಯಮ ಎಂದು ಒಂದಿದೆ ಎಂದು ನಾನು ಜಗಳ ತೆಗೆದೆ. ಐಸಮ್ಮ ನನ್ನ ರಟ್ಟೆ ಹಿಡಿದು ಚಾ ಮಾಡಲು ಕೆಳಗೆ ಕರೆದುಕೊಂಡು ಹೋದರು.

ಮುಂದಿನ ಆದಿತ್ಯವಾರ ಆಟ ಇರಲಿಲ್ಲ. ಬೆಳಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನೀವಿಬ್ಬರೂ ಚೆನ್ನುವನ್ನು ಕರೆತರಲು ಕೆದಂಬಾಡಿಗೆ ಹೊರಟು ನಿಂತಿದ್ದಿರಿ. ಸೀತು ಹಸಿರು ಸೀರೆ ಉಟ್ಟಿದ್ದಳು. ನನ್ನನ್ನು ಬಾ ಎನ್ನಲಿಲ್ಲ. ನಾನು ಬರುತ್ತೇನೆ ಎನ್ನಲೂ ಇಲ್ಲ. ನಾನು ಹೇಳಿದೆನಲ್ಲ, ಉಳಿದರ್ಧ ಎಂದು, ಅದು ಇದು. ಕಾಡನ್ನು ನೀನು ಚೆನ್ನಾಗಿ ಕಟ್ಟಿದೆ, ಅದನ್ನು ಹೇಗಾದರೂ ಸಹಿಸಿಯೇನು. ಆದರೆ ಅವಳ ಜೀವನದ ಅತಿ ಕಷ್ಟದ ಬಸ್ಸು ಹತ್ತುವಾಗ ಅವಳು ಕೈ ಹಿಡಿದದ್ದು ಎರಡು ತಿಂಗಳ ಪರಿಚಯದ ನಿನ್ನದು. ಆ ದಿನ ನಾನು ಮಹಡಿಯ ಮೆಟ್ಟಿಲಲ್ಲಿ ಕೂತು, ನೀವು ಬರಿಗೈಯಲ್ಲಿ ಬರಲಿ ಎಂದು ಬಯಸಲಿಲ್ಲ. ಅಷ್ಟು ಕೆಟ್ಟವಳಲ್ಲ. ನಿನಗೆ ಬಸ್ಸಿನಲ್ಲಿ ವಾಂತಿಯಾಗಿ ನೀನು ಅರ್ಧದಲ್ಲಿ ಇಳಿಯಲಿ, ಸೀತು ಒಬ್ಬಳೇ ಹೋಗಿ ಗೆದ್ದು ಬರಲಿ ಎಂದು ಮಾತ್ರ ಬಯಸಿದೆ.

ಅಲ್ಲಿ ನಡೆದದ್ದನ್ನು ಸೀತು ಆಮೇಲೆ ಹೇಳಿದಳು. ಅತ್ತೆ ಜಗಲಿ ಹತ್ತಲು ಬಿಡಲಿಲ್ಲವಂತೆ. ನೀನು ಅಂಗಳದ ಕಲ್ಲಿನ ಮೇಲೆ ಕೂತು, ಟ್ರಂಕ್ ಕಾಲಿಗೆ ಕಾಯಲು ಹೇಳುವ ಅದೇ ದನಿಯಲ್ಲಿ, ನಮಗೆ ಅವಸರ ಇಲ್ಲ ಎಂದೆಯಂತೆ. ಮಧ್ಯಾಹ್ನ ತೋಟದಿಂದ ಬಂದ ವೆಂಕಪ್ಪನಿಗೆ ಆಗಲೇ ಎರಡನೆಯ ಮದುವೆಯಾಗಿ ಒಳಗೆ ಬಾಣಂತಿ ಇದ್ದಳು. ಅವನು ಸೀತುವಿನ ಮುಖ ನೋಡದೆ ಹೇಳಿದನಂತೆ: “ಕೊಂಡುಹೋಗು. ಇಷ್ಟು ವರ್ಷ ನಿನ್ನ ಕಡೆಯಿಂದ ಒಬ್ಬರೂ ಬಂದು ಕೇಳ್ಲಿಲ್ಲ.” ಅತ್ತೆ ಅತ್ತಳು. ಮಗುವೂ ಅತ್ತು, ಬಸ್ಸು ಹತ್ತಿಸುವಾಗ ನಿನ್ನ ಕೈಯನ್ನು ರಕ್ತ ಬರುವಂತೆ ಕಚ್ಚಿತು. ಆ ಗಾಯ ತೊಳೆದು ಪಟ್ಟಿ ಕಟ್ಟಿದವಳು ನಾನು, ಔಷಧಿ ಸ್ವಲ್ಪ ಜಾಸ್ತಿಯೇ ಉರಿಯುವುದನ್ನು ಆರಿಸಿ.

ಇನ್ನೊಂದನ್ನೂ ಹೇಳಬೇಕು, ಅದು ನನ್ನ ಪಾಲಿನ ಸೊತ್ತು. ಮನೆಗೆ ಬಂದ ಚೆನ್ನು ಸೀತುವಿನ ಹತ್ತಿರ ಹೋಗಲಿಲ್ಲ, ನಿನ್ನ ಹತ್ತಿರವಂತೂ ಸುಳಿಯಲೇ ಇಲ್ಲ. ನಾನು ಬೆಲ್ಲ ಹಾಕಿದ ಅವಲಕ್ಕಿಯ ಬಟ್ಟಲು ಹಿಡಿದು ಮಾತಾಡದೆ ಪಕ್ಕದಲ್ಲಿ ಕೂತೆ. ಏನೂ ಕೇಳಲಿಲ್ಲ. ತುಂಬಾ ಹೊತ್ತಾದ ಮೇಲೆ ಅವಳು ನನ್ನ ಕೈಯಿಂದ ತಿಂದಳು. ಕೇಳದೆ ಇರುವುದಕ್ಕೂ ಒಂದು ಬೆಲೆ ಇದೆ ಎಂದು ಅವತ್ತು ನಾನು ನಿನ್ನ ಕಡೆ ನೋಡಿದ್ದೆ. ನೀನು ನಕ್ಕೆ. ಆ ನಗೆಯಲ್ಲಿ ಸೋಲು ಇರಲಿಲ್ಲ, ಅದೂ ನನಗೆ ಸಿಟ್ಟೇ.

ಆಮೇಲೆ ನಿನಗೆ ಸುಳ್ಯಕ್ಕೆ ವರ್ಗವಾಯಿತು. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಸೀತುವಿಗೂ ಕೆಲಸ ಸಿಕ್ಕಿತು. ಮಗುವನ್ನು ಕರೆದುಕೊಂಡು ಇಬ್ಬರೂ ಹೋದಿರಿ. ಬಸ್‌ಸ್ಟ್ಯಾಂಡಿಗೆ ಬಂದು ನಾನು ಕೈ ಬೀಸಿದೆ. ಹಿಂದೆ ಬಂದು ನೋಡಿದರೆ ಕೋಣೆಯಲ್ಲಿ ಒಂದೇ ಚಾಪೆ.

ನಾನು ಸುಮ್ಮನೆ ಕೂತವಳಲ್ಲ. ಬ್ಯಾಂಕಿನ ಶ್ರೀಕೃಷ್ಣ ಮತ್ತು ಅವನ ಹೆಂಡತಿಯನ್ನು ಕರೆದು, ಐಸಮ್ಮನವರನ್ನು ಸೇರಿಸಿ, ನಿನ್ನ ಕಾಡನ್ನು ನಾನೇ ನಡೆಸಿದೆ. ಹಕ್ಕಿ ಕೂಗಿಸಿದೆ, ನಿಲ್ಲಿಸಿದೆ. ತಡವಾಗಿ ನಿಲ್ಲುವ ಹೆಜ್ಜೆ, ಪೊದೆಯ ಮೇಲಿನ ಬಟ್ಟೆ, ಒಂದನ್ನೂ ಬಿಡಲಿಲ್ಲ. ಶ್ರೀಕೃಷ್ಣ ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡ, ಅವನ ಹೆಂಡತಿ ಆಕಳಿಸಿದಳು. ಅವರು ಹೋದ ಮೇಲೆ ಐಸಮ್ಮ ನನ್ನ ಬೆನ್ನು ಸವರಿ ಹೇಳಿದರು: “ಬೇಜಾರು ಮಾಡ್ಬೇಡ. ನಿನ್ನ ಕಾಡಲ್ಲಿ ಕರೆಂಟು ಲೈಟು ಉಂಟು, ಅಷ್ಟೇ.” ಆ ಮಾತಿಗೆ ನಾನು ಅತ್ತೆ, ನಕ್ಕೆ, ಮತ್ತೆ ನಿನ್ನನ್ನು ಬೈದೆ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ವರ್ಗದ ಸಮಯ. ಮಂಗಳೂರು, ಇಲ್ಲದಿದ್ದರೆ ಸುಳ್ಯ, ಎರಡರಲ್ಲಿ ಒಂದನ್ನು ಹೇಳು ಎಂದರು. ಮಂಗಳೂರೆಂದರೆ ದೊಡ್ಡ ಶಾಖೆ, ಮುಂದಕ್ಕೆ ಬಡ್ತಿಗೂ ಒಳ್ಳೆಯದು. ಮ್ಯಾನೇಜರರು ನನ್ನ ಪರವಾಗಿ ಮಂಗಳೂರೆಂದೇ ಬರೆಯಹೊರಟಿದ್ದರು. ಸೀತುವಿನ ಕಾರ್ಡು ಓದಿದ ಮೇಲೆ ಅವರ ಮನೆಗೇ ಹೋಗಿ, ಸುಳ್ಯ ಎಂದು ಬರೆಯಿರಿ ಎಂದೆ. ಯಾಕಮ್ಮ ಎಂದರು. ಅಲ್ಲಿ ನನ್ನವರು ಇದ್ದಾರೆ ಎಂದೆ. ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಮೂರು ಮುಖ ಬಂದವು, ಎರಡು ಬರಬೇಕಿತ್ತು. ಮೂರನೆಯದು ಹೇಗೆ ಬಂತೋ ನಾನರಿಯೆ.

ಇದನ್ನು ಔದಾರ್ಯ ಎಂದುಕೊಳ್ಳಬೇಡ. ನಾನಿಲ್ಲದೆ ಆ ಮಗು ಬೆಳೆಯುವುದು, ನಾನಿಲ್ಲದೆ ಸೀತು ನಗುವುದು ನನಗೆ ಆಗುವುದಿಲ್ಲ, ಅದಕ್ಕೆ ಬರುತ್ತಿದ್ದೇನೆ. ಕಥೆ ನೀನೇ ನಡೆಸು, ನನಗೆ ಚೆನ್ನುವಿನ ಪಕ್ಕದ ಜಾಗ ಬೇಕು. ಸೀತುವಿಗೆ ಮೊದಲೇ ಹೇಳಬೇಡ, ಬಾಗಿಲು ತೆರೆದಾಗ ಅವಳ ಮುಖ ಹೇಗಾಗುತ್ತದೆ ಎಂದು ನನಗೆ ನೋಡಬೇಕು. ಅದೊಂದನ್ನಾದರೂ ನಿನಗಿಂತ ಮೊದಲು ನಾನು ನೋಡುತ್ತೇನೆ.

ನೀವು ಮೂವರು ಕೂತು ಆಡುವ ಆದಿತ್ಯವಾರಗಳಿಗೆ ಯಾರ ದೃಷ್ಟಿಯೂ ತಾಗದಿರಲಿ. ನಾನು ಬಂದು ತಲುಪುವವರೆಗೆ ನನ್ನದೂ ತಾಗದಿರಲಿ.

ಬರುವ ತಿಂಗಳು ನಿಮ್ಮೂರಿನವಳಾಗುವ,
ವಸುಮತಿ