ಭಾಯ್, ಪೀಛೆ

ರಾಯಚೂರು
9 ನವೆಂಬರ್ 2025

ಪ್ರೀತಿಯ ಆತಿಯಾ, ಸಲಾಂ.

ನೀನು ಹೇಗಿದ್ದೀಯಾ? ನಿನ್ನ ಅಮ್ಮಿಯ ಕಾಲಿನ ಪಟ್ಟಿ ಬಿಚ್ಚಿದರಾ? ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಾರೆಂದು ನಿನ್ನ ತಮ್ಮ ಹೇಳಿದ, ಸಮಾಧಾನವಾಯಿತು. ಇಲ್ಲಿ ಮಿನಾಜ್ ಸರಿಯಾಗಿ ಉಣ್ಣುತ್ತಾಳೆ. ಜಡೆ ಮಾತ್ರ ನನಗೆ ಹಾಕಲು ಬರುವುದಿಲ್ಲ, ಪಕ್ಕದ ಮನೆಯ ಅಯ್ಯಮ್ಮ ಹಾಕುತ್ತಾಳೆ. ನಾನು ಚಪ್ಪಲಿ ಅಂಗಡಿಯಿಂದ ಬರುವ ತನಕ ಮಗಳು ಅವರ ಮನೆಯಲ್ಲೇ ಇರುತ್ತಾಳೆ.

ಫೋನಿನಲ್ಲಿ ನಿನ್ನ ಮುಂದೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತವರಿಗೆ ಹೋಗುವಾಗ ನೀನು, "ಅಕಿಗಿ ಒಂದ್ ಗೀರು ಬಿದ್ರೂ ಮಾನ್ವಿಗಿ ಕರ್ಕಂಡು ಹೋಗ್ತೀನಿ, ನೀನು ನಿನ್ ಫೋನು ಇಬ್ರೇ ಇರ್ರಿ" ಅಂದಿದ್ದೆ. ಗೀರಲ್ಲ, ಅದಕ್ಕಿಂತ ಹೆಚ್ಚೇ ಆಗಿದೆ. ಬುಧವಾರ ಸಂಜೆ ಅನ್ನಕ್ಕಿಟ್ಟು ಗೇಮ್ ಹಚ್ಚಿ ಕುಳಿತಿದ್ದೆ. ದೇವದುರ್ಗದಿಂದ ಗೆಳೆಯ ಅಲ್ತಾಫ್ ಆನ್‌ಲೈನಿನಲ್ಲಿ ಜೊತೆಗಿದ್ದ, ಸ್ಪೀಕರ್ ಜೋರಾಗಿತ್ತು. ಹಿಂದಿನಿಂದ ಯಾರಾದರೂ ಗುಂಡು ಹೊಡೆಯಲು ಬಂದರೆ ಅವನು "ಭಾಯ್, ಪೀಛೆ" ಎಂದು ಕೂಗುತ್ತಾನೆ, ನಾನು ತಟ್ಟನೆ ತಿರುಗುತ್ತೇನೆ. ಮಿನಾಜ್ ಇದನ್ನು ದಿನಾ ನೋಡಿದ್ದಾಳೆ. ಅವತ್ತೂ "ಭಾಯ್, ಪೀಛೆ" ಎಂದು ಕೇಳಿಸಿತು. ಗೇಮಿನೊಳಗೇ ಬಂದೂಕು ತಿರುಗಿಸಿ ಹಿಂದೆ ನೋಡಿದೆ, ಯಾರೂ ಇರಲಿಲ್ಲ. ಮತ್ತೆ ಕೇಳಿಸಿತು, ಮತ್ತೆ ತಿರುಗಿಸಿದೆ. ಅಲ್ತಾಫನಿಗೆ ಬೈದೆ. ಅವನು ತಾನು ಕೂಗಲೇ ಇಲ್ಲ ಅಂದ. ಆಗ ಹಿಂದಿರುಗಿ ನೋಡಿದೆ, ಕೂಗಿದ್ದು ಮಿನಾಜ್. ನನ್ನ ಬೆನ್ನ ಹಿಂದೆ, ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕಿಸಿಕೊಂಡು ನಿಂತಿದ್ದಳು.

ಅಷ್ಟರಲ್ಲಿ ಅಯ್ಯಮ್ಮ ಓಡಿ ಬಂದು, "ಕೂಸು ಆಗಿಂದ ಅಬ್ಬಾ ಅಬ್ಬಾ ಅಂತ ಒದರಾಕತ್ತದ, ಕಿವ್ಯಾಗ ಹತ್ತಿ ತುರಕ್ಯಂಡಿಯೇನೋ ಯಪ್ಪಾ" ಅಂದಳು. ಅಪ್ಪನಾದ ನನಗೆ ಕೇಳಿಸಿದ್ದು ಭಾಯ್ ಮಾತ್ರ. ಮೂಳೆಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದರು. ಉಗುರು ಕಪ್ಪಾಗಿದೆ, ಬಿದ್ದು ಹೊಸದು ಬರುತ್ತದಂತೆ.

ಗೇಮ್ ಪೂರ್ತಿ ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಎದ್ದಿರುವಾಗ ಮುಟ್ಟುವುದಿಲ್ಲ, ಅಷ್ಟು ಖರೆ. ಅಲ್ತಾಫ್, "ಇನ್ನ ಮಗಳ ಪರ್ಮಿಷನ್ ತಗಂಡು ಬಾರಲೇ" ಎಂದು ನಗುತ್ತಾನೆ. ನಗಲಿ.

ಅಮ್ಮಿಗೆ ನನ್ನ ಸಲಾಂ ಹೇಳು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅರ್ಬಾಜ್

ತಾ.ಕ.: ಖಾಜಾನ ತರಕಾರಿ ಗಾಡಿ ಮಾನ್ವಿಗೆ ಹೊರಟು ನಿಂತಿದೆ, ಪತ್ರ ಅವನ ಕೈಗೆ ಕೊಡುತ್ತೇನೆ. ಬುಧವಾರದಿಂದ ಮಿನಾಜ್ ನನ್ನನ್ನು ಅಬ್ಬಾ ಅಂದಿಲ್ಲ. ನೀರು ಬೇಕಾದರೂ ಭಾಯ್ ಅನ್ನುತ್ತಾಳೆ. ನೀನು ಬಂದು ಕರೆದುಕೊಂಡು ಹೋದರೆ ನಾನು ಅಡ್ಡ ಬರುವುದಿಲ್ಲ. ಆದರೆ ಅವಳು ಒಂದು ಸಲ ಅಬ್ಬಾ ಅನ್ನುವ ತನಕ ಇಲ್ಲೇ ಬಿಡು.