ಇಬ್ಬರಿಗೂ ಎಡಗೈ ನೋವು

ಆಗಸ್ಟ್ 18, 2025. ಸೋಮವಾರ. ಬೆಳಿಗ್ಗೆ 7.10

ತೂಕ 54.1.

ಹಗ್ಗ ಇಪ್ಪತ್ತು ನಿಮಿಷ. ಮೂರು ಸಲ ಎಡವಿದೆ, ತಪ್ಪನ್ನ ಶೂ ಲೇಸ್ ಮೇಲೆ ಹಾಕಿದೆ. ಬ್ಯಾಗಿಗೆ ಗುದ್ದಿದ್ದು ಆರು ರೌಂಡ್. ತಿಂದಿದ್ದು ಎರಡು ಮೊಟ್ಟೆ, ಅರ್ಧ ಬಾಳೆಹಣ್ಣು. ಉಳಿದರ್ಧವನ್ನ ದೇವಿರಮ್ಮಜ್ಜಿ ನನ್ನ ಕಣ್ಣೆದುರೇ ತಿಂದಳು, ಬೇಕಂತಲೇ.

ಚೆಲುವರಾಜು ಸಾರ್ ಈ ಪುಸ್ತಕ ಕೊಡಿಸಿದ್ದು ದಿನಾ ತೂಕ ಬರೆಯೋಕೆ ಅಂತ. ಕೋಚ್ ಅಲ್ವಾ, ತೂಕ ಬಿಟ್ಟು ಬೇರೇನೂ ಇಲ್ಲ ಪ್ರಪಂಚದಲ್ಲಿ. ತೂಕ ಅಂದರೆ ಒಂದು ಸಾಲು. ಕೆಳಗೆ ಪುಟ ಪೂರ್ತಿ ಖಾಲಿ. ಅದಕ್ಕೇ ಉಳಿದಿದ್ದೆಲ್ಲ ಇಲ್ಲಿ.

ನಮ್ಮ ಮೇಟಗಳ್ಳಿ ಬಾಕ್ಸಿಂಗ್ ಶೆಡ್ಡಿನ ಎದುರು ಟೀ ಅಂಗಡಿ ಸುಮಕ್ಕ ಇವತ್ತೂ ಅದೇ ಕೇಳಿದರು. "ಏನವ್ವ ಮಾನಸ, ಆ ಕಡಕೊಳದ ಹುಡುಗಿ ಗಗನನ್ ಜೊತೆ ಯಾವತ್ತು ಆಡ್ತೀಯ? ಇಬ್ರೂ ಚೆನ್ನಾಗಿ ಕಣ್ಣಾಮುಚ್ಚಾಲೆ ಆಡ್ತಿದೀರ."

ಮೂರು ವರ್ಷ. ಒಂದೇ ಊರು, ಒಂದೇ ತೂಕ, ಐವತ್ನಾಲ್ಕು ಕೆಜಿ. ನಾನು ಊರಿನ ಈ ತುದಿ, ಅವಳು ಆ ತುದಿ. ಅವಳು ಹದಿನಾಲ್ಕು ಆಡಿ ಹದಿನಾಲ್ಕೂ ಗೆದ್ದಿದ್ದಾಳೆ. ನಾನೂ ಅಷ್ಟೇ. ಸೋಲಿನ ಜಾಗದಲ್ಲಿ ಇಬ್ಬರಿಗೂ ಸೊನ್ನೆ. ನಾವಿಬ್ಬರು ಮಾತ್ರ ಒಂದೇ ರಿಂಗಲ್ಲಿ ನಿಂತಿಲ್ಲ. ಮೊದಲ ವರ್ಷ ನನಗೆ ಜ್ವರ (ನಿಜವಾದ ಜ್ವರ. ಥರ್ಮಾಮೀಟರ್ ಇಟ್ಟು ನೋಡಿದ್ದೇನೆ). ಎರಡನೇ ವರ್ಷ ಅವಳ ಅಕ್ಕನ ಮದುವೆ. ಮದುವೆ ಗುರುವಾರ, ಪಂದ್ಯ ಭಾನುವಾರ... ಇರಲಿ. ಹೋದ ವರ್ಷ ನನಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಬದಲಾಗಲಿಲ್ಲ. ಕೇಳಿದ್ದರೆ ಸೂಪರ್‌ವೈಸರ್ ಕೊಡುತ್ತಿದ್ದರೇನೋ. ಕೇಳಲಿಲ್ಲ.

ಭಯ ಅಲ್ಲ. ಟೈಮಿಂಗ್.

ಆಗಸ್ಟ್ 22. ಶುಕ್ರವಾರ

ತೂಕ 54.0.

ನವೆಂಬರಲ್ಲಿ ಜಿಲ್ಲಾ ಪಂದ್ಯ. ಸಾರ್ ಕೂರಿಸಿಕೊಂಡು ಪ್ಲ್ಯಾನ್ ಹೇಳಿದರು. ಮೂರು ಕೆಜಿ ಏರಿಸಿಕೊಂಡು ಐವತ್ತೇಳರಲ್ಲಿ ಆಡಬೇಕಂತೆ. ಆ ತೂಕದಲ್ಲಿ ಹೇಳಿಕೊಳ್ಳುವಂಥವರು ಯಾರೂ ಇಲ್ಲ. ಫೈನಲ್ ಮುಟ್ಟಿದ ಇಬ್ಬರಿಗೂ ರಾಜ್ಯದ ಕ್ಯಾಂಪ್.

"ಗಗನನ ಜೊತೆ ಆಡ್ಲೇಬೇಕಲ್ವಾ ಸಾರ್ ಒಂದಿನ?"

"ಆಡ್ಬೇಕು. ಈಗಲ್ಲ. ಸೋಲೇ ಇಲ್ದಿರೋ ಹುಡುಗಿ ಅಂತ ಹೆಸರಿದೆ ನಿಂಗೆ. ಅದನ್ನ ಮೂರು ರೌಂಡಿನ ಒಂಬತ್ತು ನಿಮಿಷಕ್ಕೆ ಯಾಕೆ ಪಣಕ್ಕಿಡ್ತೀಯ? ದೊಡ್ಡ ದೊಡ್ಡ ಚಾಂಪಿಯನ್‌ಗಳೇ ಐದೈದು ವರ್ಷ ಕಾಯ್ತಾರೆ ಕಣಮ್ಮ. ಜನ ಅದಕ್ಕೋಸ್ಕರ ಇನ್ನಷ್ಟು ಕಾಯ್ತಾರೆ."

"ಕಾದು ಕಾದು ಇಬ್ರಿಗೂ ವಯಸ್ಸಾದಮೇಲೆ ಆಡ್ತಾರಲ್ಲ ಸಾರ್."

"ನಿಂಗೆ ಇಪ್ಪತ್ಮೂರು. ವಯಸ್ಸಿನ ಚಿಂತೆ ಈಗ್ಲೇ ಬೇಡ. ಹೋಗಿ ಊಟ ಮಾಡು."

ಸಾರ್ ಬಾಯಲ್ಲಿ 'ಊಟ ಮಾಡು' ಅನ್ನೋ ಮಾತು ಕೇಳಿದ್ದು ಇದೇ ಮೊದಲು. ಓಡಿ ಬಂದೆ ಮನೆಗೆ.

ಆಗಸ್ಟ್ 31. ಭಾನುವಾರ

ತೂಕ 55.0.

ಜೀವನ ಇಷ್ಟು ರುಚಿಯಾಗಿದೆ ಅಂತ ಮರೆತೇಹೋಗಿತ್ತು. ಅಜ್ಜಿಗೆ ಹಬ್ಬ. ನಾಲ್ಕು ವರ್ಷದಿಂದ ಅವಳು ಬಡಿಸೋದು, ನಾನು ತಟ್ಟೆಗೆ ಕೈ ಅಡ್ಡ ಇಡೋದು. ಈಗ ಕೈ ತೆಗೆದಿದ್ದೇನೆ. ಬೆಳಿಗ್ಗೆ ತುಪ್ಪದ ಉಪ್ಪಿಟ್ಟು. ಮಧ್ಯಾಹ್ನ ಎರಡು ಮುದ್ದೆ, ನಾಟಿ ಕೋಳಿ ಸಾರು. ಸಂಜೆ ಒಬ್ಬಟ್ಟು, ಹಾಲು ಹಾಕಿಕೊಂಡು. ಎರಡನೇ ಒಬ್ಬಟ್ಟಿಗೆ ತಾತ ನನ್ನ ಮುಖ ನೋಡಿದರು, ಮೂರನೇದಕ್ಕೆ ಅಜ್ಜಿ ಮುಖ ನೋಡಿದರು.

"ಮೊಮ್ಮಗಳಿಗೆ ಮದ್ವೆ ಗೊತ್ತಾಯ್ತಾ?" ಅಂತ ಪಕ್ಕದ ಮನೆಯವರು ಅಜ್ಜಿಯನ್ನ ಕೇಳಿದರಂತೆ. ಕೆನ್ನೆ ತುಂಬಿಕೊಂಡರೆ ಸಾಕು ಇವರಿಗೆ.

ಸೆಪ್ಟೆಂಬರ್ 14. ಭಾನುವಾರ. ಮಧ್ಯಾಹ್ನ

ತೂಕ 55.6.

ತಾತನ ಜೊತೆ ದಸರಾ ಕುಸ್ತಿಗೆ ಜೋಡಿ ಕಟ್ಟೋದು ನೋಡೋಕೆ ಹೋಗಿದ್ದೆ. ತಾತ ಒಂದು ಕಾಲದಲ್ಲಿ ಪೈಲ್ವಾನ್ ಮಹದೇವು. ಈಗ ಬರೀ ಮಹದೇವು, ಆದರೆ ಅಲ್ಲಿಗೆ ಹೋದರೆ ಎದೆ ಎರಡಿಂಚು ಮುಂದೆ ಬರುತ್ತೆ.

ಅಲ್ಲಿ ಡ್ರಾ, ಚೀಟಿ ಏನೂ ಇಲ್ಲ. ಹುಡುಗರು ಅಂಗಿ ಬಿಚ್ಚಿ ಸಾಲಾಗಿ ನಿಲ್ಲುತ್ತಾರೆ. ಗರಡಿಯ ಹಿರಿಯರು ಭುಜ ನೋಡುತ್ತಾರೆ, ತೊಡೆ ನೋಡುತ್ತಾರೆ, ಹಿಂದೆ ಯಾರನ್ನ ಕೆಡವಿದ್ದೀಯ ಅಂತ ಕೇಳುತ್ತಾರೆ. ಆಮೇಲೆ ಒಬ್ಬನ ಕೈ ಹಿಡಿದು ಇನ್ನೊಬ್ಬನ ಕೈಯಲ್ಲಿ ಇಡುತ್ತಾರೆ. ಎಲ್ಲರ ಎದುರಿಗೇ. ಕೈ ಸೇರಿತು ಅಂದರೆ ಮುಗೀತು, ಹಿಂದೆ ಸರಿಯೋ ಹಾಗಿಲ್ಲ.

ಬರುವಾಗ ಬಸ್‌ಸ್ಟಾಪಲ್ಲಿ ತಾತ ಅವರಾಗೇ ಶುರು ಮಾಡಿದರು.

"ನಂಗೂ ಒಬ್ಬ ಇದ್ದ ಕಣವ್ವ. ಚಿಕ್ಕಬಸವಯ್ಯ ಅಂತ. ಮೈಸೂರಲ್ಲಿ ಆಗ ನಾವಿಬ್ರೇ. ಅವನ ಕೈ ನನ್ ಕೈ ಸೇರ್ಸಕ್ಕೆ ಬಂದ್ರು. ನಾನು ಬಗ್ಗಿ ಮಂಡಿ ಉಜ್ಕಂಡೆ. ನೋವದೆ, ಮುಂದಿನ್ ದಸರಾಕ್ ನೋಡುವ ಅಂದ್ಬುಟ್ಟೆ."

"ನಿಜವಾಗ್ಲೂ ನೋವಿತ್ತಾ ತಾತ?"

"ಇತ್ತು. ಅಷ್ಟೊಂದ್ ಇರ್ನಿಲ್ಲ."

"ಮುಂದಿನ ದಸರಾ?"

"ಅವನಿಗೆ ಹೊಟ್ಟೆ ನೋವು ಬಂತು." ನಕ್ಕರು. "ಅದರ್ ಮುಂದಿನ್ ವರ್ಷ ನೋಡದ್ರೆ, ಕುಸ್ತಿನೇ ಬುಟ್ಟು ನಂಜನಗೂಡಲ್ಲಿ ಸೈಕಲ್ ಶಾಪ್ ಹಾಕ್ಬುಟ್ಟವ್ನೆ. ಈಗ್ಲೂ ಕನಸಲ್ಲಿ ಅವನ್ನ ಹಿಡೀತೀನಿ ಕಣವ್ವ. ಒಂದಿನ ನಾನ್ ಕೆಡವ್ತೀನಿ, ಒಂದಿನ ಅವ್ನು. ಯಾವುದ್ ಸತ್ಯ ಅಂತ ಎಂಗ್ ಗೊತ್ತಾಗ್ಬೇಕು?"

ಬಸ್ ಬಂತು. ತಾತ ಸೀಟು ಹಿಡಿಯೋದರಲ್ಲಿ ಈಗಲೂ ಚಾಂಪಿಯನ್.

ಸೆಪ್ಟೆಂಬರ್ 15

ತೂಕ 55.6.

ತಾತ ಹೇಳಿದ್ದು ಕುಸ್ತಿ ವಿಷಯ. ಬಾಕ್ಸಿಂಗ್ ಬೇರೆ.

ಅಕ್ಟೋಬರ್ 5. ಭಾನುವಾರ

ತೂಕ 56.2.

ನಗಬೇಕೋ ಏನು ಮಾಡಬೇಕೋ ಗೊತ್ತಾಗುತ್ತಿಲ್ಲ.

ಚಾಮರಾಜಪುರಂಗೆ ಹೋಗಿದ್ದೆ, ಹೊಸ ಶೂ ತರೋಕೆ. ಅಲ್ಲೇ ಚಿಕ್ಕ ಹೋಟೆಲಲ್ಲಿ ಕೂತು ಎರಡು ಬೆಣ್ಣೆ ಮಸಾಲೆ ಹೇಳಿದೆ. ಒಬ್ಬಳೇ, ಎರಡು. ಸಪ್ಲೈಯರ್ ತಟ್ಟೆ ಇಡುತ್ತಾ, "ಏನಿವತ್ತು, ಆ ಟೇಬಲ್ಲಲ್ಲೂ ಒಬ್ರಿಗೇ ಎರಡು" ಅಂದ. ತಲೆ ಎತ್ತಿ ನೋಡಿದರೆ, ಗಗನ.

ಎರಡು ದೋಸೆ ಮಾತ್ರ ಅಲ್ಲ. ಪಕ್ಕದಲ್ಲಿ ಕೇಸರಿಬಾತ್.

ನಾನು ಮೆನು ಕಾರ್ಡ್ ಎತ್ತಿ ಮುಖಕ್ಕೆ ಹಿಡಿದೆ. ಅವಳು ದುಪಟ್ಟಾ ಎಳೆದುಕೊಂಡಳು. ಹಾಗೇ ತಿಂದೆವು ಇಬ್ಬರೂ. ಕಾರ್ಡ್ ಹಿಡಿದುಕೊಂಡು ಒಂದೇ ಕೈಯಲ್ಲಿ ದೋಸೆ ಮುರಿಯೋದು ಕಷ್ಟ, ಚಟ್ನಿ ಎಲ್ಲಾ ಕಾರ್ಡ್ ಮೇಲೆ. ಅವಳು ಮೊದಲು ಎದ್ದು ಹೋದಳು. ಬಾಗಿಲ ಹತ್ತಿರ ಒಂದು ಕ್ಷಣ ನಿಂತ ಹಾಗಾಯಿತು. ನಾನು ಕಾರ್ಡ್ ಇಳಿಸಲಿಲ್ಲ.

ಪಂದ್ಯಕ್ಕೆ ಐದು ವಾರ ಇರುವಾಗ ಐವತ್ನಾಲ್ಕು ಕೆಜಿಯವಳು ಹಾಗೆ ತಿನ್ನಲ್ಲ. ಗಗನ ಆಟ ಬಿಟ್ಟಿದ್ದಾಳೆ. ಅಷ್ಟೇ.

ಮೊದಲು ಮನಸ್ಸು ಹಗುರ ಆಯ್ತು. ಬಸ್ ಹತ್ತಿದ ಮೇಲೆ ಅಳು ಬಂತು. ಯಾಕೆ ಅಂತ ಗೊತ್ತಿಲ್ಲ. ಗೊತ್ತಿದೆ, ಬರೆಯಲ್ಲ.

ಅಕ್ಟೋಬರ್ 7

ತೂಕ 56.2.

ಅವಳೇ ಇಲ್ಲ ಅಂದರೆ ನಾನು ಯಾರಿಂದ ತಪ್ಪಿಸಿಕೊಂಡು ಓಡಾಡಲಿ? ಒಬ್ಬಟ್ಟು ಕೂಡ ಸಪ್ಪೆ. ಅಜ್ಜಿ ಬೆಲ್ಲ ಇನ್ನೊಂದಚ್ಚು ಹಾಕಿದಳು.

ನವೆಂಬರ್ 8. ಶನಿವಾರ. ಬೆಳಿಗ್ಗೆ 8.15

ತೂಕ 56.7. ಜಿಲ್ಲಾ ಪಂದ್ಯದ ಮಿಷಿನ್ ಮೇಲೆ.

ಇದನ್ನ ಈಗಲೇ ಬರೆಯಬೇಕು.

ತೂಕದ ರೂಮಲ್ಲಿ ಮೇಡಂ "ಐವತ್ತೇಳು, ಮಾನಸ" ಅಂದರು. ನಿಂತೆ, ಇಳಿದೆ. "ಐವತ್ತೇಳು, ಗಗನ" ಅಂದರು. ಬೇರೆ ಯಾರೋ ಗಗನ ಅಂದುಕೊಂಡೆ. ತಿರುಗಿದರೆ ಅವಳೇ. ಕೆನ್ನೆ ದುಂಡಗೆ. 56.8.

"ನೀನು ಐವತ್ನಾಲ್ಕಲ್ವಾ?" ಅಂದಳು.

"ನೀನು ಐವತ್ನಾಲ್ಕಲ್ವಾ?" ಅಂದೆ.

"ಇಬ್ರೂ ಐವತ್ತೇಳು. ಪಕ್ಕಕ್ಕೆ ಸರೀರಮ್ಮ, ಹಿಂದೆ ಕ್ಯೂ ಇದೆ" ಅಂದರು ಮೇಡಂ.

ನಾನು ಅವಳಿಂದ ತಪ್ಪಿಸಿಕೊಳ್ಳೋಕೆ ಮೂರು ಕೆಜಿ ತಿಂದೆ. ಅವಳು ನನ್ನಿಂದ ತಪ್ಪಿಸಿಕೊಳ್ಳೋಕೆ ಮೂರು ಕೆಜಿ ತಿಂದಳು. ಅಲ್ಲಿ ಐವತ್ನಾಲ್ಕರಲ್ಲಿ ಈಗ ಇರೋದು ಇಬ್ಬರೇ, ಹೋದ ತಿಂಗಳು ಆಟಕ್ಕೆ ಸೇರಿದವರು. ಆಡದೇ ಫೈನಲ್ ಮುಟ್ಟಿದ್ದಾರೆ, ಪಾಪ, ಇನ್ನೂ ನಂಬಿಕೆ ಬಂದಿಲ್ಲ ಅವರಿಗೆ.

ಆಚೆ ಬಂದು ಚೆಲುವರಾಜು ಸಾರ್‌ಗೆ ಹೇಳಿದೆ. ದೂರದಲ್ಲಿ ಗಗನನ ಕೋಚ್ ವಿಶ್ವನಾಥ್ ಸಾರ್‌ಗೂ ಸುದ್ದಿ ಮುಟ್ಟಿತ್ತು. ಇಬ್ಬರು ಕೋಚ್‌ಗಳೂ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಇಬ್ಬರೂ ಫೋನ್ ನೋಡಿಕೊಂಡರು.

ಸಂಜೆ 6.30

ಐವತ್ತೇಳರಲ್ಲಿ ಒಟ್ಟು ನಾಲ್ಕು ಜನ. ಡ್ರಾದಲ್ಲಿ ಅವಳು ಆ ಕಡೆ, ನಾನು ಈ ಕಡೆ. ಸೆಮಿಫೈನಲ್ ಗೆದ್ದೆ. ಅವಳೂ ಗೆದ್ದಳು. ಹದಿನೈದು, ಹದಿನೈದು. ಇಬ್ಬರ ಸೊನ್ನೆಯೂ ಭದ್ರ.

ಫೈನಲ್ ನಾಳೆ. ಸಾರ್ ಕ್ರೇಪ್ ಬ್ಯಾಂಡೇಜ್ ತಂದು ನನ್ನ ಎಡ ಮಣಿಕಟ್ಟಿಗೆ ಅವರೇ ಸುತ್ತಿದರು. "ಇಬ್ರೂ ಕ್ಯಾಂಪ್‌ಗೆ ಹೋಗೋದು ಗ್ಯಾರಂಟಿ ಆಯ್ತಲ್ಲ. ನಾಳೆ ಡಾಕ್ಟರ್ ಟೇಬಲ್‌ಗೆ ಹೋಗಿ ನೋವು ಅನ್ನು. ವಾಕ್‌ಓವರ್, ಆಡದೇ ಬಿಟ್ಟುಕೊಟ್ಟ ಹಾಗೆ. ಅದು ರಿಂಗಲ್ಲಿ ಸೋತ ಹಾಗಲ್ಲ. ಮಾರ್ಚಲ್ಲಿ ರಾಜ್ಯ ಪಂದ್ಯಕ್ಕೆ ಸರಿಯಾಗಿ ತಯಾರಾಗಿ ಆಡುವೆಯಂತೆ."

"ಹೂಂ ಸಾರ್" ಅಂದೆ. ಎಷ್ಟು ಬೇಗ ಅಂದೆ ಅಂತ ನನಗೇ ನಾಚಿಕೆ.

ಮನೆಯಲ್ಲಿ ತಾತ ಬ್ಯಾಂಡೇಜ್ ನೋಡಿದರು. ಏನಾಯ್ತು ಅಂತ ಕೇಳಲಿಲ್ಲ.

"ಯಾವ್ ಕೈ?"

"ಎಡಗೈ."

"ನಂದು ಮಂಡಿ" ಅಂದು ಟಿವಿ ಕಡೆ ತಿರುಗಿದರು.

ನವೆಂಬರ್ 9. ಭಾನುವಾರ. ಬೆಳಿಗ್ಗೆ 9.20

ತೂಕ 56.6.

ತಾತ ಕರೆಯದೇ ಜೊತೆಗೆ ಹೊರಟರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಜುಬ್ಬ. ಡಾಕ್ಟರ್ ಟೇಬಲ್ ಸ್ಟೇಡಿಯಂ ಕಾರಿಡಾರಿನ ಕೊನೆಯಲ್ಲಿ. ಕ್ಯೂನಲ್ಲಿ ನನ್ನ ಮುಂದೆ ಒಬ್ಬಳೇ.

ಗಗನ. ಎಡ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜ್.

ಅವಳು ನನ್ನ ಕೈ ನೋಡಿದಳು. ನಾನು ಅವಳ ಕೈ ನೋಡಿದೆ. ಬ್ಯಾಂಡೇಜಿಗೆ ಚುಚ್ಚಿದ ಪಿನ್ನೂ ಒಂದೇ ಥರದ್ದು. ಡಾಕ್ಟರ್ ಟೀ ಕುಡಿಯೋಕೆ ಹೋಗಿದ್ದರು, ನಮ್ಮ ಪುಣ್ಯ.

ತಾತ ಹಿಂದಿನಿಂದ ಕೇಳಿದರು. "ಇಬ್ರೂ ವಾಕ್‌ಓವರ್ ಕೊಟ್ರೆ ಚಿನ್ನದ್ ಪದಕ ಯಾರ್ಗವ್ವ? ಆ ತೂಕದ್ ಮಿಷಿನ್ಗಾ?"

ಗಗನ ಮೊದಲು ನಕ್ಕಳು. ನಾನು ತಡೆದುಕೊಂಡೆ, ಆಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕೆ. ಅವಳು ಕುಕ್ಕರುಗಾಲಲ್ಲಿ ಕೂತೇಬಿಟ್ಟಳು. ಮೂರು ವರ್ಷದ ನಗು ಎಲ್ಲಿತ್ತೋ.

ಉಸಿರು ಬಂದ ಮೇಲೆ ಕೇಳಿದೆ. "ಆ ದೋಸೆ ಐವತ್ತೇಳಕ್ಕಾ?"

"ಕೇಸರಿಬಾತೂ" ಅಂದಳು. "ನೀನು ಆಟ ಬಿಟ್ಟೆ ಅಂದ್ಕೊಂಡೆ ಕಣೇ. ಮನೆಗ್ ಹೋಗಿ ಅತ್ಬುಟ್ಟೆ."

ನಾನು ಏನೂ ಯೋಚನೆ ಮಾಡಲಿಲ್ಲ. ಎಡಗೈ ಮುಂದೆ ಚಾಚಿದೆ, ಬ್ಯಾಂಡೇಜ್ ಸಮೇತ. ಗಗನ ಒಂದು ಸಲ ತಾತನ ಮುಖ ನೋಡಿದಳು, ತನ್ನ ಎಡಗೈ ತಂದು ನನ್ನದರಲ್ಲಿ ಇಟ್ಟಳು. ತಾತ ಎರಡು ಕೈಯಲ್ಲೂ ನಮ್ಮ ಕೈ ಮುಚ್ಚಿ ಹಿಡಿದರು. ಗರಡಿ ಹಿರಿಯರು ಹಿಡಿದಿದ್ದು ಹೀಗೇ. ಸ್ವಲ್ಪ ಜಾಸ್ತಿ ಹೊತ್ತೇ ಹಿಡಿದರು.

"ಆಯ್ತು. ಜೋಡಿ ಕಟ್ಟಾಯ್ತು. ಇನ್ನ ಯಾರೂ ಮಂಡಿ ಉಜ್ಕಳಂಗಿಲ್ಲ."

ಅವಳ ಬ್ಯಾಂಡೇಜ್ ನಾನು ಬಿಚ್ಚಿದೆ, ನನ್ನದು ಅವಳು. ಎರಡನ್ನೂ ತಾತ ಮಡಚಿ ಜುಬ್ಬದ ಜೇಬಿಗೆ ಹಾಕಿಕೊಂಡರು, ಮಂಡಿಗೆ ಬೇಕಂತೆ.

ಸಾರ್‌ಗೆ ಹೇಳಿದಾಗ ಬೈತಾರೆ ಅಂದುಕೊಂಡಿದ್ದೆ. ಸುಮ್ಮನೆ ನನ್ನ ಮುಖ ನೋಡಿ, "ಅವಳ ಬಲಗೈ ಹುಕ್ ಹುಷಾರು. ಮೂರು ವರ್ಷದಿಂದ ನೋಡಿಟ್ಟಿದೀನಿ" ಅಂದರು.

11.05

ಡ್ರೆಸ್ಸಿಂಗ್ ರೂಮ್. ಎಡಗೈ ಗ್ಲೋವ್ಸ್ ಹಾಕಿಯಾಯ್ತು. ಬಲಗೈಗೆ ಬರೀ ಪಟ್ಟಿ ಸುತ್ತಿದೆ, ಸಾರ್ ಟೇಪ್ ಹುಡುಕುತ್ತಿದ್ದಾರೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು.

ಭಯ. ಬರೆದೆ. ಭಯ ಇದೆ, ಮೂರು ವರ್ಷದಿಂದಲೂ ಇತ್ತು, ಟೈಮಿಂಗ್ ಗೀಮಿಂಗ್ ಏನೂ ಇರಲಿಲ್ಲ. ಬರೆದಮೇಲೂ ಹಾಗೇ ಇದೆ. ಆದರೆ ಖುಷಿ ಅದಕ್ಕಿಂತ ಜಾಸ್ತಿ ಇದೆ, ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಇವತ್ತು ಒಬ್ಬರ ಸೊನ್ನೆ ಹೋಗುತ್ತೆ. ಹೋಗಲಿ.

ಎದುರು ಬೆಂಚಿಂದ ಗಗನ ಕೇಳುತ್ತಿದ್ದಾಳೆ, ಏನ್ ಬರೀತಿದೀಯ ಅಂತ. ತೂಕ ಅಂದೆ. ಗೆದ್ದವರು ದೋಸೆ ಕೊಡಿಸಬೇಕಂತೆ. ಸೋತವರು? ಎರಡು ತಿನ್ನಬೇಕಂತೆ.

ತಾತ ಮುಂದಿನ ಸಾಲಲ್ಲೇ ಸೀಟು ಹಿಡಿದಿದ್ದಾರಂತೆ. ಟೇಪ್ ಸಿಕ್ತು, ಸಾರ್ ಬಲಗೈ ಎಳೀತಿದ್ದಾರೆ. ಮೈಕಲ್ಲಿ ಹೆಸರು ಕೂಗಿದರು — ಅವಳದ್ದು, ಹಿಂದೆಯೇ ನನ್ನದು. ಒಂದೇ ಉಸಿರಲ್ಲಿ ಎರಡೂ. ಮೊದಲನೇ ಸಲ ಕೇಳ್ತಿರೋದು. ಕೇಳೋಕೆ ಎಷ್ಟು—